ಲೈನಿನಲ್ಲೇ ಇರಿ

ಹಲ್ಲಿನ ಡಾಕ್ಟರ ಹೊಸ ಕಾರಿನ ಹಿಂಬಾಗಿಲಲ್ಲಿ ಒಂದು ಬಟ್ಟಲಿನಷ್ಟು ತಗ್ಗು ಬಿದ್ದಿರದಿದ್ದರೆ ಅಂದಿನ ರಾದ್ಧಾಂತ ನಡೆಯುತ್ತಲೇ ಇರಲಿಲ್ಲ. ಡಾಕ್ಟರು ತಮ್ಮ ಆಸ್ಪತ್ರೆಯ ಗೇಟಿನ ಕಂಬಕ್ಕೇ ಕಾರನ್ನು ಉಜ್ಜಿಕೊಂಡಿದ್ದರು. "ಸಂಜೆಯೊಳಗೆ ಸರಿಯಾಗಬೇಕು, ನಮ್ಮ ಮನೆಯವಳಿಗೆ ಗೊತ್ತಾಗಬಾರದು" ಎಂದು ಶೆಡ್ಡಿನ ಯಜಮಾನರ ಕೈಗೆ ಕೀ ಕೊಟ್ಟು, ತಲೆ ತಗ್ಗಿಸಿಕೊಂಡು ನಡೆದೇ ಹೋದರು. ಯಜಮಾನರು ಆ ಕೀಯನ್ನು ಸುತ್ತಿಗೆಯ ಕೈಗೆ ಹಾಕಿದರು.

ಈ ಸುತ್ತಿಗೆ ಒಬ್ಬ ಮನುಷ್ಯ. ಹದಿನೇಳು ವರ್ಷದಿಂದ ಆ ಟಿಂಕರಿಂಗ್ ಶೆಡ್ಡಿನಲ್ಲಿ ನೆಗ್ಗಿದ ಗಾಡಿಗಳನ್ನು ಬಡಿದು ನೆಟ್ಟಗೆ ಮಾಡುತ್ತಿದ್ದಾನೆ. ತಂದೆತಾಯಿ ಇಟ್ಟ ಹೆಸರು ರೇಷನ್ ಕಾರ್ಡಿನಲ್ಲಿ ಮಾತ್ರ ಉಳಿದಿದೆ. ಕಿವಿ ಎಷ್ಟು ಚುರುಕೆಂದರೆ, ಬಾಗಿಲ ಮೇಲೆ ಬೆರಳಿನಿಂದ ಒಮ್ಮೆ ತಟ್ಟಿ, ಈ ಬಣ್ಣದ ಅಡಿಯಲ್ಲಿ ಪುಟ್ಟಿ ಎಷ್ಟು ದಪ್ಪ ಮೆತ್ತಿದ್ದಾರೆ ಎಂದು ಹೇಳಿಬಿಡುತ್ತಾನೆ. ಬೀದಿಯ ತಿರುವಿನಲ್ಲಿ ಗಾಡಿಯೊಂದು ಹೊರಳಿದರೆ ಸಾಕು, ತಲೆ ಎತ್ತದೆಯೇ ಅದರ ಮನೆತನ ಹೇಳುತ್ತಾನೆ. ಇಂಥ ಕಿವಿ ಮನೆ ಸೇರಿದ ಕೂಡಲೇ ರಜೆ ಹಾಕಿಬಿಡುತ್ತಿತ್ತು. ಅದೇ ಅವನ ಸಂಸಾರಕ್ಕೆ ಮುಳುವಾದದ್ದು.

ಅವನ ಹೆಂಡತಿಗೆ ತುರ್ತು ಕರೆ ಕೇಂದ್ರದಲ್ಲಿ ಕೆಲಸ. ಈಗಿನ ಕಾರುಗಳಲ್ಲಿ ಒಂದು ವ್ಯವಸ್ಥೆ ಇರುತ್ತದೆ. ಅಪಘಾತವಾದರೆ ಒಳಗಿರುವವರಿಗೆ ಪ್ರಜ್ಞೆ ಇರಲಿ ಬಿಡಲಿ, ಕಾರೇ ಕೇಂದ್ರಕ್ಕೆ ಫೋನು ಮಾಡಿ ತಾನು ಎಲ್ಲಿದ್ದೇನೆಂದು ಹೇಳುತ್ತದೆ. ಆಗ ಕಾರಿನ ಸೂರಿನಿಂದ ಒಂದು ದನಿ ಕೇಳುತ್ತದಲ್ಲ, ಆ ದನಿಗಳಲ್ಲಿ ಅವಳದೂ ಒಂದು. ಕೆಲಸಕ್ಕೆ ಸೇರುವ ಮುಂಚೆ ತಿಂಗಳುಗಟ್ಟಲೆ ಬೀರುವಿನ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದ್ದಳು: "ಗಾಬರಿಯಾಗಬೇಡಿ. ನಾನು ನಿಮ್ಮ ಜೊತೆ ಲೈನಿನಲ್ಲೇ ಇದ್ದೀನಿ. ಸಹಾಯ ಹೊರಟಿದೆ." ದನಿ ಏರಬಾರದು, ಇಳಿಯಬಾರದು, ಮಗುವಿಗೆ ಹೊದಿಕೆ ಹೊದಿಸಿದ ಹಾಗಿರಬೇಕು ಎಂದು ಅವರಿಗೆ ಕಲಿಸಿದ್ದರಂತೆ.

ದಿನವಿಡೀ ಯಾರ್ಯಾರದೋ ಅಳು, ನರಳಾಟ ಕೇಳಿ ಮನೆಗೆ ಬರುವ ಹೆಂಗಸಿಗೆ ಅದನ್ನು ಯಾರಿಗಾದರೂ ಹೇಳಿಕೊಳ್ಳಬೇಕು ಎನ್ನಿಸುತ್ತದೆ. ಅವಳು ಹೇಳುತ್ತಿದ್ದಳು. ಇವನು ತಟ್ಟೆಯಿಂದ ತಲೆ ಎತ್ತದೆ "ಹೂಂ" ಎನ್ನುತ್ತಿದ್ದ. ಒಂದು ದಿನ ಅವಳು ಊಟಕ್ಕೆ ಕೂತವಳು ತುತ್ತು ಎತ್ತದೆ ಹೇಳಿದಳು, "ಇವತ್ತು ಒಬ್ಬ ಮನುಷ್ಯ ನನ್ನ ಲೈನಿನಲ್ಲೇ ಹೋಗಿಬಿಟ್ಟ ರೀ. ಕೊನೇವರೆಗೂ ಮಾತಾಡ್ತಾನೇ ಇದ್ದ."

"ಹೂಂ," ಎಂದ ಸುತ್ತಿಗೆ. "ಉಪ್ಪು ಇತ್ತ ತಳ್ಳು."

ಅವಳು ಉಪ್ಪು ತಳ್ಳಿದಳು. ಮರುದಿನ ಬೆಳಗ್ಗೆ ಬ್ಯಾಗು ತುಂಬಿಕೊಂಡು ಮಾರುಕಟ್ಟೆಯ ಹಿಂದಿರುವ ಅಕ್ಕನ ಮನೆಗೆ ಹೊರಟುಹೋದಳು. ಅದಾಗಿ ಇಪ್ಪತ್ತಮೂರು ದಿನ.

ಈ ಇಪ್ಪತ್ತಮೂರು ದಿನಗಳಲ್ಲಿ ಸುತ್ತಿಗೆ ಇಳಿದುಹೋಗಿದ್ದ. ಅವಳಿಲ್ಲದ ಮನೆಯಲ್ಲಿ ಎಲ್ಲವೂ ಇದ್ದ ಜಾಗದಲ್ಲೇ ಇತ್ತು, ಆದರೂ ಏನೂ ಸಿಗುತ್ತಿರಲಿಲ್ಲ. ಬೆಳಗ್ಗೆ ತಲೆ ಬಾಚಲು ಆ ಕನ್ನಡಿಯ ಮುಂದೆ ನಿಂತರೆ ಅದರ ಮೂಲೆಯಲ್ಲಿ ಅವಳು ಅಂಟಿಸಿದ್ದ ಚೀಟಿ ಕಾಣುತ್ತಿತ್ತು, ಅದೇ ಮೂರು ವಾಕ್ಯ. ಅವನಿಗೆ ಬಾಯಿಪಾಠವಾಗಿಬಿಟ್ಟಿತ್ತು. ಅವಳು ಪಕ್ಕದಲ್ಲಿ ಕೂತು ಬಡಬಡ ಮಾತಾಡಿದರೆ ಸಾಕು, ಏನು ಮಾತಾದರೂ ಸರಿ ಎಂದು ಅವನ ಜೀವ ಹಂಬಲಿಸುತ್ತಿತ್ತು. ದಿನಕ್ಕೆ ಮೂರು ಸಲ ಫೋನು ಮಾಡುತ್ತಿದ್ದ. ರಿಂಗ್ ಆಗುತ್ತಿತ್ತು, ಅವಳು ಎತ್ತುತ್ತಿರಲಿಲ್ಲ. ಅಕ್ಕನ ಮನೆಗೆ ಹೋದರೆ ಭಾವ ಬಾಗಿಲಲ್ಲೇ ನಿಂತು, "ಇನ್ನೂ ಕೋಪ ಇಳಿದಿಲ್ಲ ಮಾರಾಯ" ಎಂದು ಕಳಿಸಿದ್ದರು.

ಅಂದು ಬೆಳಗಿನ ಟೀ ಹೊತ್ತಿಗೆ ಶೆಡ್ಡಿನಲ್ಲಿ ಎಂದಿನ ಸಭೆ ಸೇರಿತು. ಪೇಂಟರು ಕಾರಿನ ಮುಂದಿನ ಸೀಟಿನಲ್ಲಿ ಕಾಲು ಹೊರಗೆ ಹಾಕಿ ಕೂತಿದ್ದ. ಎದುರಂಗಡಿಯ ಟೈಲರಕ್ಕ ಕೊರಳಲ್ಲಿ ಅಳತೆಪಟ್ಟಿ ನೇತುಹಾಕಿಕೊಂಡೇ ಬಂದಿದ್ದರು. ನಿವೃತ್ತ ಮೇಷ್ಟ್ರು ಪೇಪರು ಓದಲು ದಿನಾ ಅಲ್ಲಿಗೆ ಬರುವವರು. ಅಂದು ಪೇಪರು ಬಂದಿರಲಿಲ್ಲ. ಓದುವ ಚಟ ಬಿಡಬೇಕಲ್ಲ, ಕಾರಿನೊಳಗಿದ್ದ ಕೈಪಿಡಿಯನ್ನೇ ತೆಗೆದುಕೊಂಡು ಜೋರಾಗಿ ಓದತೊಡಗಿದರು.

"'ಮೇಲ್ಛಾವಣಿಯ ದೀಪದ ಪಕ್ಕದ ಕೆಂಪು ಗುಂಡಿಯನ್ನು ಒತ್ತಿದರೆ, ಅಥವಾ ಅಪಘಾತವಾದಾಗ ತಾನಾಗಿಯೇ, ತುರ್ತು ಕೇಂದ್ರಕ್ಕೆ ಕರೆ ಹೋಗುತ್ತದೆ. ಈ ಕರೆಯನ್ನು ವಾಹನದೊಳಗಿನಿಂದ ಕಡಿಯಲಾಗದು. ಸಹಾಯ ತಲುಪುವವರೆಗೆ ಕೇಂದ್ರದವರೂ ಕಡಿಯುವುದಿಲ್ಲ.'" ಮೇಷ್ಟ್ರು ಕನ್ನಡಕ ತೆಗೆದರು. "ಅಂದ್ರೆ ನೋಡಿ, ಅವರೂ ಫೋನ್ ಇಡೋ ಹಾಗಿಲ್ಲ, ಇವರೂ ಇಡೋ ಹಾಗಿಲ್ಲ. ಒಳ್ಳೇ ಸಂಸಾರ ಇದ್ದ ಹಾಗೆ."

ಸಭೆಯ ಕಣ್ಣೆಲ್ಲ ಸುತ್ತಿಗೆಯ ಕಡೆ ತಿರುಗಿತು. ಅವನು ಟೀ ಲೋಟದೊಳಗೆ ನೋಡುತ್ತ ಕೂತ.

"ಅಣ್ಣಾ," ಎಂದ ಪೇಂಟರು, ಸೂರಿನ ಕಡೆ ಬೆರಳು ತೋರಿಸಿ. "ಅತ್ತಿಗೆ ನಿನ್ನಿಂದ ಒಂದು ಗುಂಡಿ ದೂರದಲ್ಲಿದ್ದಾರೆ."

"ಹೌದಲ್ವಾ!" ಟೈಲರಕ್ಕನ ಮುಖ ಅರಳಿತು. "ಮೊಬೈಲು ಎತ್ತದೆ ಇರಬಹುದು, ಇದನ್ನ ಎತ್ತಲೇಬೇಕಲ್ಲ. ಎತ್ತಿದ ಮೇಲೆ ಇಡೋ ಹಾಗೂ ಇಲ್ಲ. ಒತ್ತಪ್ಪಾ, ಏನ್ ನೋಡ್ತಾ ಇದೀಯ?"

"ಅದೇನು ಆಟದ ಸಾಮಾನೇನಕ್ಕಾ?" ಸುತ್ತಿಗೆಗೆ ರೇಗಿತು. "ಎಲ್ಲೋ ಯಾವನೋ ನಿಜವಾಗ್ಲೂ ರಕ್ತ ಸುರಿಸ್ತಾ ಕೂತಿರ್ತಾನೆ. ಅವನ ಲೈನಿಗೆ ಅಡ್ಡ ನಿಂತು ನಾನು ನನ್ನ ಸಂಕಟ ತೋಡ್ಕೊಳ್ಳೋದಾ? ಅವಳೇ ಉಗೀತಾಳೆ."

"ಒಂದೇ ನಿಮಿಷ ಅಣ್ಣಾ," ಎನ್ನುತ್ತ ಪೇಂಟರು ಕೈ ಮೇಲೆತ್ತಿದ. ಸುತ್ತಿಗೆ ಅವನ ಕೈಗೆ ಪಟ್ಟನೆ ಹೊಡೆದು ಕಾರಿನಿಂದ ಇಳಿಸಿದ. ಯಜಮಾನರು ಬಂದು, "ಸಭೆ ಬರಖಾಸ್ತು ಮಾಡಿ, ಡಾಕ್ಟರು ಸಂಜೆಗೆ ಬರ್ತಾರೆ" ಎಂದು ಗದರಿದರು.

ಇಂಥ ಕಾರಿಗೆ ಸುತ್ತಿಗೆ ಹಾಕುವ ಮುಂಚೆ ಬ್ಯಾಟರಿಯ ವೈರು ಬಿಚ್ಚಬೇಕು, ಇಲ್ಲವಾದರೆ ಜೋರು ಏಟನ್ನು ಕಾರು ಅಪಘಾತವೆಂದೇ ತಿಳಿದುಬಿಡುತ್ತದೆ. ಅದು ಶೆಡ್ಡಿನ ಮೊದಲನೆಯ ಪಾಠ. ಹೊಸಬರಿಗೆ ಆ ಪಾಠ ಹೇಳಿಕೊಡುವವನೂ ಸುತ್ತಿಗೆಯೇ. ಆದರೆ ಅಂದು ಅವನ ತಲೆಯೊಳಗೆ ಪೇಂಟರು ಹುಳ ಬಿಟ್ಟಿದ್ದ. ಒಂದು ಗುಂಡಿ ದೂರ, ಒಂದು ಗುಂಡಿ ದೂರ ಎಂದುಕೊಳ್ಳುತ್ತಲೇ ಹಿಂದಿನ ಸೀಟಿಗೆ ತೂರಿಕೊಂಡ. ಬಾಗಿಲ ಒಳಹೊದಿಕೆ ಬಿಚ್ಚಿದ, ಮುಂದಿನ ಸೀಟಿನ ಕೆಳಗೆ ಬಲಗಾಲು ಚಾಚಿ ಆನಿಸಿಕೊಂಡ, ಬಡಿಯತೊಡಗಿದ. ತಗ್ಗು ಅರ್ಧ ಏಳುವಷ್ಟರಲ್ಲಿ ಏಟೊಂದು ಜಾರಿ, ಕಾರಿನ ಸೂರು ಹೊತ್ತ ಬಾಗಿಲ ಪಕ್ಕದ ಕಂಬಕ್ಕೆ ಬಿತ್ತು.

ಢಮಾರ್!

ಬೀದಿಯ ನಾಯಿಗಳೆಲ್ಲ ಒಟ್ಟಿಗೆ ಬೊಗಳಿದವು. ಕಾರಿನ ಪಕ್ಕದಿಂದ ಗಾಳಿಚೀಲ ಸಿಡಿದು ಸುತ್ತಿಗೆಯ ಕೆನ್ನೆಗೆ ಬಾರಿಸಿತು. ಒಳಗೆಲ್ಲ ಬಿಳಿ ಪುಡಿ. ಅವನು ಗಾಬರಿಯಲ್ಲಿ ಒದ್ದಾಡಿದ ರಭಸಕ್ಕೆ ಸೀಟು ಸರಿಸುವ ಗುಂಡಿಗೆ ಮೊಣಕಾಲು ತಾಗಿ ಮುಂದಿನ ಸೀಟು ಗೊಂಯ್ ಎಂದು ಹಿಂದಕ್ಕೆ ಸರಿದು ಅವನ ಬಲಗಾಲನ್ನು ಕಚ್ಚಿಕೊಂಡು ನಿಂತಿತು. ಅವನು ಉಸಿರು ಸರಿಮಾಡಿಕೊಳ್ಳುವಷ್ಟರಲ್ಲಿ ಸೂರಿನಲ್ಲಿ ಕಿಣಿಕಿಣಿ ಎಂಬ ಸದ್ದಾಗಿ, ಒಂದು ಹೆಣ್ಣುದನಿ ಕೇಳಿತು.

"ಗಾಬರಿಯಾಗಬೇಡಿ. ನಾನು ನಿಮ್ಮ ಜೊತೆ ಲೈನಿನಲ್ಲೇ ಇದ್ದೀನಿ. ಸಹಾಯ ಹೊರಟಿದೆ."

ಸುತ್ತಿಗೆ ತಲೆ ಎತ್ತಿ ಸೂರು ನೋಡಿದ. ಅದೇ ಮೂರು ವಾಕ್ಯ, ಅದೇ ನಿಧಾನ, ಅದೇ ಹೊದಿಕೆ ಹೊದಿಸುವ ದನಿ. ಬೀರುವಿನ ಕನ್ನಡಿ ಕಣ್ಣ ಮುಂದೆ ಬಂದು ನಿಂತಿತು. ಇಪ್ಪತ್ತಮೂರು ದಿನ ಕೇಳದ ದನಿ ಈಗ ಆಕಾಶದಿಂದ ಇಳಿದುಬಂದ ಹಾಗೆ ಅವನ ನೆತ್ತಿಯ ಮೇಲೆ ಸುರಿಯುತ್ತಿತ್ತು.

"ನೀನಾ?" ಎಂದ.

"ಹೌದು ಸರ್, ತುರ್ತು ಕೇಂದ್ರದಿಂದ. ನಿಮ್ಮ ಜಾಗ ನಮಗೆ ಕಾಣ್ತಾ ಇದೆ. ಗಾಡೀಲಿ ಎಷ್ಟು ಜನ ಇದ್ದೀರಿ ಸರ್?"

ಒಂಬತ್ತು ವರ್ಷದ ದಾಂಪತ್ಯದಲ್ಲಿ ಅವಳು ಮೊದಲ ಸಲ ಸರ್ ಎಂದಿದ್ದಳು. ಪಾಪ, ಕರೆಗಳೆಲ್ಲ ದಾಖಲಾಗುತ್ತವೆ, ಮೇಲಿನವರು ಕೇಳುತ್ತಿರುತ್ತಾರೆ ಎಂದು ಸುತ್ತಿಗೆ ಅರ್ಥಮಾಡಿಕೊಂಡ. ಹೆಂಡತಿಯ ಕಷ್ಟವನ್ನು ಇಷ್ಟು ಬೇಗ ಅರ್ಥಮಾಡಿಕೊಂಡದ್ದು ಅವನಿಗೇ ಹೆಮ್ಮೆ ಎನ್ನಿಸಿತು.

"ಒಬ್ಬನೇ," ಎಂದ. "ಇಬ್ಬರು ಇರಬೇಕಿತ್ತು."

"ಇನ್ನೊಬ್ಬರು ಗಾಡಿಯಿಂದ ಹೊರಗೆ ಬಿದ್ದಿದ್ದಾರಾ ಸರ್?"

"ಇಲ್ಲ. ಬಿಟ್ಟು ಹೋಗಿದ್ದಾರೆ. ತಪ್ಪು ನಂದೇ."

ಅಷ್ಟರಲ್ಲಿ ಸಭೆ ಮತ್ತೆ ಸೇರಿತ್ತು. ಈ ಸಲ ಟೀ ಇರಲಿಲ್ಲ ಅಷ್ಟೇ. ಯಜಮಾನರು ಸಿಡಿದ ಚೀಲ ನೋಡಿ ತಲೆಯ ಮೇಲೆ ಕೈ ಹೊತ್ತು, "ಡಾಕ್ಟರು ಇನ್ನು ನನ್ನ ಹಲ್ಲೆಲ್ಲ ಕೀಳ್ತಾರೆ, ಮರಗಟ್ಟೋ ಮದ್ದೂ ಕೊಡದೆ" ಎಂದು ಗೋಳಾಡಿದರು. ಟೈಲರಕ್ಕ ಕಿಟಕಿಯೊಳಗೆ ಕೈ ಹಾಕಿ ಚೀಲ ಮುಟ್ಟಿ ನೋಡಿ, "ಬಟ್ಟೆ ಮಾತ್ರ ಗಟ್ಟಿ" ಎಂದು ಮೆಚ್ಚಿದರು. ಪೇಂಟರು ಮುಂದಿನ ಬಾಗಿಲಿನಿಂದ ನುಗ್ಗಿ, ಸೀಟು ಸರಿಸುತ್ತೇನೆಂದು ಗುಂಡಿ ಒತ್ತಿದ. ಸೀಟು ಇನ್ನೆರಡು ಬೆರಳು ಹಿಂದಕ್ಕೆ ಬಂತು. ಸುತ್ತಿಗೆ ಅಯ್ಯಯ್ಯೋ ಎಂದು ಅರಚಿದ. ಅಲ್ಲಿಗೆ ಆ ಗುಂಡಿಯೂ ಕೆಟ್ಟು ಕೂತಿತು.

"ಏನಾಯ್ತು ಸರ್?" ದನಿ ಸ್ವಲ್ಪವೂ ಏರಲಿಲ್ಲ. "ಹೊರಗಿನವರು ಯಾರೂ ಅವರನ್ನ ಮುಟ್ಟಬೇಡಿ. ಕುತ್ತಿಗೆ ಅಲ್ಲಾಡಿಸಬೇಡಿ. ಆಂಬುಲೆನ್ಸ್ ಬರೋವರೆಗೂ ಹಾಗೇ ಇರಲಿ. ಸೇತುವೆ ಹತ್ರ ದೊಡ್ಡ ಅಪಘಾತ ಆಗಿದೆ, ಇಪ್ಪತ್ತು ನಿಮಿಷ ಆಗಬಹುದು."

"ಕೇಳಿದ್ಯಾ? ಮುಟ್ಟಬೇಡ ಅಂತ ಹೇಳ್ತಿದ್ದಾಳೆ!" ಸುತ್ತಿಗೆ ಪೇಂಟರನ್ನು ಗದರಿದ. ಇಪ್ಪತ್ತು ನಿಮಿಷ! ಕಾಲು ಸಿಕ್ಕಿಕೊಂಡವನೊಬ್ಬ, ದೇವರೇ ಆಂಬುಲೆನ್ಸು ತಡವಾಗಿ ಬರಲಿ ಎಂದು ಬೇಡಿಕೊಂಡದ್ದು ಅದೇ ಮೊದಲಿರಬೇಕು.

"ರಕ್ತ ಬರ್ತಾ ಇದೆಯಾ ಸರ್?"

"ಇಲ್ಲ."

"ಎಲ್ಲಿ ನೋವಿದೆ?"

"ಎಲ್ಲಿ ಅಂತ ಹೇಳ್ಲಿ?" ಅವನ ಕಣ್ಣಿನಿಂದ ನೀರಿಳಿದು ಬಿಳಿ ಪುಡಿಯ ಮೇಲೆ ಎರಡು ಗೆರೆ ಎಳೆಯಿತು. "ಮನೇಗೆ ಹೋದ್ರೆ ನೋವು. ತಟ್ಟೆ ಮುಂದೆ ಕೂತ್ರೆ ನೋವು."

ಹೊರಗಿನವರು ಮುಖಮುಖ ನೋಡಿಕೊಂಡರು. ಮೊದಲು ಪೇಂಟರಿಗೆ ಹೊಳೆಯಿತು. "ಅತ್ತಿಗೆ ಕಣ್ರೋ! ಲೈನಿನಲ್ಲಿ ಅತ್ತಿಗೆ!" ಎಂದು ಪಿಸುಗುಟ್ಟಿದ. ಆ ಪಿಸುಮಾತು ಬೀದಿಯ ತುದಿಯವರೆಗೂ ಮುಟ್ಟಿತು. ಔಷಧಿ ಅಂಗಡಿಯವನು ಅರ್ಧ ಷಟರು ಎಳೆದು ಬಂದ. ಬಸ್ಸಿಗೆ ಕಾಯುತ್ತಿದ್ದ ನಾಲ್ಕು ಜನ ಬಸ್ಸು ಬಿಟ್ಟು ಬಂದರು.

"ಸರ್, ನಿಮ್ಮ ಮನೆಯವರಿಗೆ ತಿಳಿಸಬೇಕಾ? ಯಾರಿಗೆ ಹೇಳಲಿ?"

"ಮನೆಯವಳಿಗೇ ಹೇಳ್ತಾ ಇದೀನಲ್ಲೇ!" ಸುತ್ತಿಗೆ ಅಳುತ್ತಲೇ ನಕ್ಕ. "ಸರ್ ಗಿರ್ ಅನ್ನೋದು ಇರ್ಲಿ, ನಿನ್ನ ಕೆಲಸ ನೀನು ಮಾಡು. ನಾನು ಹೇಳೋದನ್ನ ಸುಮ್ನೆ ಕೇಳು. ಇಪ್ಪತ್ಮೂರು ದಿನದಿಂದ ಫೋನ್ ಎತ್ತಿಲ್ಲ ನೀನು."

ಸೂರಿನ ದನಿ ಇನ್ನೂ ಮೆತ್ತಗಾಗಿ ಬಂತು. "ಹೇಳಿ. ಕೇಳ್ತಾ ಇದೀನಿ."

ಸುತ್ತಿಗೆಗೆ ಇದಕ್ಕಿಂತ ಇನ್ನೇನು ಬೇಕು? ಆದರೆ ಬೇಕಾದಾಗ ಮಾತು ಬರುವ ಬಾಯಿ ಅವನದಲ್ಲ. ಆ, ಊ ಎಂದು ತಡವರಿಸಿದ. ಸಭೆ ನೆರವಿಗೆ ಬಂತು.

"ತಪ್ಪಾಯ್ತು ಅನ್ನು, ತಪ್ಪಾಯ್ತು ಅನ್ನು," ಎಂದರು ಟೈಲರಕ್ಕ ಕಿಟಕಿಯಿಂದ.

"ಹೊಗಳಣ್ಣಾ, ಸ್ವಲ್ಪ ಹೊಗಳು!" ಎಂದ ಪೇಂಟರು.

"ಮೊದಲು ತಪ್ಪೊಪ್ಪಿಗೆ, ನಂತರ ಕಾರಣ, ಕೊನೆಯಲ್ಲಿ ಭರವಸೆ," ಎಂದರು ಮೇಷ್ಟ್ರು, ಪ್ರಬಂಧ ಬರೆಸುವವರಂತೆ. "ಕಾರಣ ಎರಡು ಸಾಲು ಮೀರಬಾರದು."

"ಎಲ್ಲಾ ಬಾಯಿ ಮುಚ್ಕೊಳ್ರಿ!" ಎಂದು ಸುತ್ತಿಗೆ ಗುಡುಗಿದ. ಬೀದಿ ಗಪ್‌ಚಿಪ್ಪಾಯಿತು. ಆಗ ಅವನು, ಸೂರಿನ ಕಡೆ ಮುಖ ಎತ್ತಿ, ಹೇಳಿದ.

"ನೀನು ದಿನಾ ಬಂದು ಹೇಳ್ತಿದ್ದೆ. ನಾನು ಕೇಳ್ತಿರ್ಲಿಲ್ಲ. ಇಡೀ ದಿನ ತಗಡಿನ ಸದ್ದು ಕೇಳಿ ಕೇಳಿ ಮನೇಲಿ ಯಾವ ಸದ್ದೂ ಬೇಡ ಅನ್ಸೋದು. ಈಗ ಮನೇಲಿ ಯಾವ ಸದ್ದೂ ಇಲ್ಲ. ಅಡುಗೆಮನೇಲಿ ಒಂದು ಚಮಚ ಬಿದ್ರೆ ನೀನೇ ಬಂದೆ ಅಂತ ಓಡಿ ಹೋಗ್ತೀನಿ. ಅವತ್ತು ಆ ಮನುಷ್ಯ ನಿನ್ನ ಲೈನಿನಲ್ಲೇ ಹೋದ ಅಂದ್ಯಲ್ಲ, ಅವನು ಕೊನೇಲಿ ಏನಂದ? ನಾನು ಕೇಳ್ಬೇಕಿತ್ತು. ಅವತ್ತು ಉಪ್ಪು ಕೇಳ್ದೆ, ಇದನ್ನ ಕೇಳ್ಲಿಲ್ಲ. ಅಂಥದ್ದನ್ನ ಹೊತ್ಕೊಂಡು ನೀನು ಒಬ್ಳೇ ಬಸ್ಸಲ್ಲಿ ಬಂದಿದ್ದೀಯ, ಒಬ್ಳೇ ಅಡುಗೆ ಮಾಡಿದ್ದೀಯ. ಕೇಳೋದಕ್ಕೆ ಒಬ್ಬ ಗಂಡ ಇದ್ದ, ಅವನೂ ಇರ್ಲಿಲ್ಲ. ವಾಪಸ್ ಬಾ. ನೀನು ಹೇಳು, ನಾನು ಕೇಳ್ತೀನಿ. ತಟ್ಟೆ ಪಕ್ಕಕ್ಕಿಟ್ಟು ಕೇಳ್ತೀನಿ."

ಟೈಲರಕ್ಕ ಅಳತೆಪಟ್ಟಿಯ ತುದಿಯಿಂದ ಕಣ್ಣೊರೆಸಿಕೊಂಡರು. ಮೇಷ್ಟ್ರು ತಿದ್ದುವುದಕ್ಕೆ ಏನೂ ಸಿಗದೆ ಕನ್ನಡಕ ಒರೆಸಿದರು. ಯಜಮಾನರು ಕೂಡ ಚೀಲದ ಚಿಂತೆ ಬಿಟ್ಟು ಮೂಗೆಳೆದರು. ಸೂರಿನಲ್ಲೂ ಯಾರೋ ಮೂಗೆಳೆದ ಸದ್ದು ಸ್ಪಷ್ಟವಾಗಿ ಕೇಳಿತು.

"ಅಳಬೇಡ," ಎಂದ ಸುತ್ತಿಗೆ.

"ಒಂದು ನಿಮಿಷ. ಲೈನಿನಲ್ಲೇ ಇರಿ," ಎಂದಿತು ದನಿ. ಈ ಸಲ ಸ್ವಲ್ಪ ನಡುಗಿತು. ಆಮೇಲೆ ಸದ್ದಿಲ್ಲ.

ಒಂದು ನಿಮಿಷ ಹೋಗಿ ಐದಾಯಿತು, ಹತ್ತಾಯಿತು. ಸುತ್ತಿಗೆ ಎರಡು ಸಲ ಹಲೋ ಎಂದ. ಉತ್ತರವಿಲ್ಲ. ಪೇಂಟರು ತೀರ್ಪು ಕೊಟ್ಟ, "ಅಣ್ಣಾ, ಅತ್ತಿಗೆ ಕಿವಿಯಿಂದ ಅದನ್ನ ಕಿತ್ತು ಮೇಜಿನ ಮೇಲೆ ಎಸೆದು ಓಡಿ ಬರ್ತಾ ಇದಾರೆ. ಬೇಕಾದ್ರೆ ಬರೆದುಕೊಡ್ತೀನಿ."

ಬರೆದುಕೊಡುವ ಅಗತ್ಯ ಬೀಳಲಿಲ್ಲ. ಗುಂಪಿನ ಹಿಂದೆ ಗಲಿಬಿಲಿಯಾಯಿತು. ಜನ ಅತ್ತಿತ್ತ ಸರಿದರು. ಕೈಯಲ್ಲಿ ಬ್ಯಾಗು, ಕಾಲಲ್ಲಿ ಒಂದು ತನ್ನ ಚಪ್ಪಲಿ ಒಂದು ಅಕ್ಕನ ಚಪ್ಪಲಿ, ಹೆಂಡತಿ ಏದುಸಿರು ಬಿಡುತ್ತ ಬಂದು ಕಿಟಕಿಗೆ ಎರಡೂ ಕೈ ಊರಿ ನಿಂತಳು.

"ರೀ! ಏನ್ರೀ ಆಯ್ತು? ತಲೆಗೆ ಪೆಟ್ಟಾಯ್ತಾ?"

ಸುತ್ತಿಗೆ ನಕ್ಕ. ಬಿಳಿ ಪುಡಿ ಮೆತ್ತಿದ ಮುಖದಲ್ಲಿ ಹಲ್ಲು ಮಾತ್ರ ಕಂಡವು.

ಅವಳು ಮುಂದಿನ ಬಾಗಿಲಿನಿಂದ ಅರ್ಧ ಮೈ ಒಳಗೆ ಹಾಕಿ, ಸೀಟಿನ ಕೆಳಗೆ ಕೈ ತೂರಿಸಿ, ಅವನ ಬೂಟಿನ ದಾರ ಬಿಚ್ಚಿದಳು. "ಈಗ ಕಾಲು ಎಳ್ಕೊಳ್ಳಿ." ಕಾಲು ಸರಕ್ಕನೆ ಬಂತು. ಬೂಟು ಅಲ್ಲೇ ಉಳಿಯಿತು. ಅರ್ಧ ಗಂಟೆಯಿಂದ ಅಲ್ಲಿ ನೆರೆದಿದ್ದ ಅಷ್ಟು ತಲೆಗಳಲ್ಲಿ ಒಂದಕ್ಕೂ ಇದು ಹೊಳೆದಿರಲಿಲ್ಲ. ಎಲ್ಲರೂ ತಮಗೂ ಅದೇ ಹೇಳಬೇಕೆನ್ನಿಸಿತ್ತು ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು.

ಅವನನ್ನು ಹೊರಗೆ ಎಳೆದು ನಿಲ್ಲಿಸಿ, ಅವಳು ತಲೆ ಸವರಿದಳು, ಕುತ್ತಿಗೆ ಮುಟ್ಟಿದಳು, ಕೈಯ ಬೆರಳುಗಳನ್ನು ಒಂದೊಂದಾಗಿ ಹಿಡಿದು ನೋಡಿದಳು. ಎಲ್ಲ ಸರಿ ಇದೆ ಎಂದು ಗೊತ್ತಾದ ಮೇಲೆ ಅವಳಿಗೆ ಅಳು ಬಂತು.

"ಸುದ್ದಿ ಬಂದಾಗ ನನ್ನ ಕೈಕಾಲೇ ಆಡ್ಲಿಲ್ಲ. ದಾರಿಯುದ್ದಕ್ಕೂ ಏನೇನು ಅಂದ್ಕೊಂಡೆನೋ. ಬ್ಯಾಗೂ ತಂದುಬಿಟ್ಟಿದ್ದೀನಿ. ನಡೀರಿ, ಮನೆಗೆ ಹೋಗೋಣ."

ಇಲ್ಲಿಗೆ ಸುತ್ತಿಗೆ ಬಾಯಿ ಮುಚ್ಚಿಕೊಂಡು, ಒಂದು ಬೂಟಿನಲ್ಲೇ ಕುಂಟುತ್ತ ಅವಳ ಬ್ಯಾಗು ಹಿಡಿದು ಮನೆಯ ದಾರಿ ಹಿಡಿದಿದ್ದರೆ ಈ ಕತೆಗೆ ಒಳ್ಳೆಯ ಮುಕ್ತಾಯ ಸಿಗುತ್ತಿತ್ತು. ಒಂಬತ್ತು ವರ್ಷ ಬೇಕಾದಾಗ ಮಾತಾಡದ ಮನುಷ್ಯ. ಈಗ, ಬೇಡದ ಹೊತ್ತಿನಲ್ಲಿ, ಅವನಿಗೆ ಮಾತು ಉಕ್ಕಿ ಬಂತು. ಪೇಂಟರು ಬೇರೆ ಹಿಂದಿನಿಂದ "ಹೊಗಳಣ್ಣಾ" ಎಂದು ತಿವಿಯುತ್ತಿದ್ದ.

"ನೀನು ಬಾಯಿ ತೆರೆದ ತಕ್ಷಣ ನನಗೆ ಗೊತ್ತಾಗಿಹೋಯ್ತು ಕಣೇ," ಎಂದ, ಅವಳ ಕೈ ಹಿಡಿದು. "ಸಾವಿರ ಜನ ಒಟ್ಟಿಗೆ ಮಾತಾಡ್ಲಿ, ನಿನ್ನ ದನಿ ನಾನು ಗುರುತು ಹಿಡೀತೀನಿ. ಈ ಕಿವಿ ತಪ್ಪೋದೇ ಇಲ್ಲ."

"ಯಾವಾಗ ನಾನು ಬಾಯಿ ತೆರೆದೆ?" ಅವಳು ಕಣ್ಣೊರೆಸಿಕೊಳ್ಳುತ್ತ ಕೇಳಿದಳು.

ಆಗ ಕಾರಿನ ಸೂರಿನಿಂದ, ಅದೇ ನಿಧಾನದ, ಹೊದಿಕೆ ಹೊದಿಸುವ ದನಿ ಬಂತು: "ಸರ್, ಲೈನಿನಲ್ಲಿದ್ದೀರಾ? ನಿಮ್ಮ ಹೆಂಡತಿ ಬಂದು ತಲುಪಿದ್ರಾ?"

ಹೆಂಡತಿ ಎದುರಿಗೇ ನಿಂತಿದ್ದಳು. ಅವಳ ತುಟಿ ಅಲ್ಲಾಡಿರಲಿಲ್ಲ. ಸುತ್ತಿಗೆ ಅವಳ ಮುಖ ನೋಡಿದ, ಸೂರು ನೋಡಿದ, ಮತ್ತೆ ಅವಳ ಮುಖ ನೋಡಿದ. ಬೀದಿಗೆ ಬೀದಿಯೇ ಗರ ಬಡಿದ ಹಾಗೆ ನಿಂತಿತು.

"ನಾನು ಇವತ್ತು ಕೆಲಸಕ್ಕೇ ಹೋಗಿಲ್ಲ," ಎಂದಳು ಹೆಂಡತಿ ನಿಧಾನವಾಗಿ. "ರಜೆ. ಅಕ್ಕನ ಮನೇಲಿ ಬಟ್ಟೆ ಮಡಿಸ್ತಾ ಇದ್ದೆ. ಇವಳೇ ಮೆಸೇಜ್ ಕಳಿಸಿದ್ದು." ಅವಳು ಬಗ್ಗಿ ಕಾರಿನೊಳಗೆ ತಲೆ ಹಾಕಿದಳು. "ಏನೇ, ಏನೇನು ಹೇಳಿದ್ರು ಇವರು ನಿನಗೆ?"

"ಅಯ್ಯೋ, ಬಂದ್ರಾ ಅಕ್ಕಾ?" ದನಿ ಒಮ್ಮೆಗೇ ಹೊದಿಕೆ ಕಿತ್ತೆಸೆದು ಮಾಮೂಲಿ ಹೆಂಗಸಿನ ದನಿಯಾಯಿತು. ಅದು ಹೆಂಡತಿಯ ದನಿಯಂತೆ ಒಂದು ಚೂರೂ ಇರಲಿಲ್ಲ. "ಬೇಜಾರು ಮಾಡ್ಕೋಬೇಡಿ. ಅವರು ನನ್ನನ್ನ ನೀವೇ ಅಂದ್ಕೊಂಡ್ರು. ಲೈನಿನಲ್ಲೇ ಹೋದವನ ವಿಷಯ ಎತ್ತಿದಾಗ್ಲೇ ನಿಮ್ಮನೆಯವರು ಅಂತ ನನಗೆ ಗೊತ್ತಾಯ್ತು. ತಲೆಗೆ ಪೆಟ್ಟಾಗಿರಬಹುದು, ಅಂಥವರ ಮಾತಿಗೆ ಅಡ್ಡ ಬರಬಾರದು ಅಂತ ನಮಗೆ ನಿಯಮ ಅಲ್ವಾ? ಆದ್ರೂ ಅಕ್ಕಾ, ಎಷ್ಟು ಚೆನ್ನಾಗಿ ಮಾತಾಡಿದ್ರು ಗೊತ್ತಾ! ನಮ್ಮನೆಯವರು ಜನ್ಮದಲ್ಲಿ ನನ್ನ ಹತ್ರ ಹಾಗೆ ಮಾತಾಡಿಲ್ಲ. ನಾನು ಅತ್ತೇಬಿಟ್ಟೆ."

"ನನ್ನ ಹತ್ರಾನೂ ಮಾತಾಡಿಲ್ಲ," ಎಂದಳು ಹೆಂಡತಿ.

"ಈಗ ಹೇಳ್ತಾರಮ್ಮ, ಎಲ್ಲಾ ಇನ್ನೊಂದು ಸಲ ಹೇಳ್ತಾರೆ!" ಟೈಲರಕ್ಕ ಮಧ್ಯೆ ಬಂದರು. "ಹೇಳಪ್ಪಾ, ಅದೇ ಚಮಚ ಬಿದ್ದಿದ್ದು ಹೇಳು."

"ತಪ್ಪೊಪ್ಪಿಗೆಯಿಂದ ಶುರು ಮಾಡು," ಎಂದರು ಮೇಷ್ಟ್ರು.

ಸುತ್ತಿಗೆ ಬಾಯಿ ತೆರೆದ. ಸೂರಿಗೆ ಹೇಳುವಾಗ ತಾನಾಗಿ ಹರಿದುಬಂದ ಮಾತೆಲ್ಲ ಎದೆಯೊಳಗೇ ಇತ್ತು. ಇಪ್ಪತ್ತಮೂರು ದಿನ ಹಂಬಲಿಸಿದ ಮುಖ ಒಂದು ಮೊಳ ದೂರದಲ್ಲಿತ್ತು. ಆ ಮುಖವನ್ನು ನೋಡುತ್ತ ನೋಡುತ್ತ ಅವನಿಗೆ ಎಲ್ಲವೂ ಕಲಸಿಹೋಯಿತು. ಗಂಟಲು ಸರಿಮಾಡಿಕೊಂಡು, ಬೆವರಿ, ಕೊನೆಗೆ ಕೇಳಿದ:

"ಊಟ ಆಯ್ತಾ?"

ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಹೆಂಡತಿ ನಗಲಿಲ್ಲ.

"ಅವಳಿಗೆ ಅಷ್ಟೆಲ್ಲ, ನನಗೆ ಇಷ್ಟೇ," ಎಂದಳು. ಅವಳ ದನಿ ಏರಲಿಲ್ಲ, ಇಳಿಯಲೂ ಇಲ್ಲ. "ನಿಮ್ಮ ಮಾತು ಚೆನ್ನಾಗೇ ಇದ್ದಿರಬೇಕು, ಇಲ್ಲ ಅನ್ನಲ್ಲ. ಆದ್ರೆ ಒಂಬತ್ತು ವರ್ಷ ನಾನು ಆಡಿದ ಮಾತಲ್ಲಿ ನಾಲ್ಕಾದ್ರೂ ನಿಮ್ಮ ಕಿವಿಗೆ ಬಿದ್ದಿದ್ರೆ, ಇನ್ನೊಬ್ಬಳನ್ನ ನಾನು ಅಂದ್ಕೊತಿರ್ಲಿಲ್ಲ ನೀವು. ನನ್ನ ದನಿ ಹೇಗಿದೆ ಅಂತಾನೇ ನಿಮಗೆ ಗೊತ್ತಿಲ್ಲ."

ಸುತ್ತಿಗೆ ಸಭೆಯ ಕಡೆ ನೋಡಿದ. ಸಭೆ ನೆಲ ನೋಡಿತು. ಅವಳು ಬ್ಯಾಗು ಎತ್ತಿಕೊಂಡಳು. ಹೋಗುವ ಮುಂಚೆ, ಯಾಕೋ, ತನ್ನ ಕರವಸ್ತ್ರದಿಂದ ಅವನ ಕೆನ್ನೆಯ ಬಿಳಿ ಪುಡಿ ಒರೆಸಿದಳು. ಆಮೇಲೆ ಜೋಡಿಯಿಲ್ಲದ ಚಪ್ಪಲಿಗಳಲ್ಲಿ ಮಾರುಕಟ್ಟೆಯ ಕಡೆ ನಡೆದುಹೋದಳು. ಸುತ್ತಿಗೆ ಆ ಹೆಜ್ಜೆಗಳ ಸದ್ದನ್ನು ತಿರುವು ದಾಟುವವರೆಗೂ ಕೇಳಿದ. ಜನ ಒಬ್ಬೊಬ್ಬರಾಗಿ ಕರಗಿದರು. ಬಸ್ಸು ಬಿಟ್ಟು ಬಂದಿದ್ದವರು ಇನ್ನೊಂದು ಬಸ್ಸು ಹಿಡಿದರು. ಯಜಮಾನರು ಡಾಕ್ಟರಿಗೆ ಹೇಗೆ ಹೇಳುವುದೆಂದು ಮೇಷ್ಟ್ರ ಬಳಿ ಪತ್ರ ಬರೆಸಲು ಒಳಗೆ ಹೋದರು.

ಅವನು ಕುಂಟುತ್ತ ಹೋಗಿ ಮತ್ತೆ ಹಿಂದಿನ ಸೀಟಿನಲ್ಲಿ ಕುಸಿದು ಕೂತ. ಹೋಗುವುದಕ್ಕೆ ಬೇರೆ ಜಾಗವೂ ಇರಲಿಲ್ಲ.

"ಸರ್," ಎಂದಿತು ದನಿ, ಮತ್ತೆ ಕೆಲಸದ ಮೆತ್ತನೆಯ ದನಿಯಾಗಿ. "ಆಂಬುಲೆನ್ಸ್ ಇನ್ನೂ ಸೇತುವೆ ಹತ್ರಾನೇ ಇದೆ. ಸಹಾಯ ತಲುಪಿದೆ ಅಂತ ಬರ್ಕೊಳ್ಳಲಾ?"

"ಬಂದಿತ್ತಮ್ಮ," ಎಂದ ಸುತ್ತಿಗೆ. "ಹೊರಟುಹೋಯ್ತು."

ಸೂರಿನಲ್ಲಿ ಕೀಲಿಮಣೆಯ ಸದ್ದು ಟಕ್ಕೆಂದು ನಿಂತಿತು.

"ಹಾಗಾದ್ರೆ ನಾನು ಫೋನ್ ಇಡೋ ಹಾಗಿಲ್ಲ ಸರ್," ಎಂದಿತು ದನಿ. "ಗಾಬರಿಯಾಗಬೇಡಿ. ನಾನು ನಿಮ್ಮ ಜೊತೆ ಲೈನಿನಲ್ಲೇ ಇದ್ದೀನಿ."